ಥಮಗಾನಾಳ ಹಾಲು, ಗೊಸೆಗೊಳ ಕಾಲು

ಮೊತ್ಲೊಪಿ ಹಟ್ಟಿ, ಲೆತ್ಲಾಕೆಂಗ್‌ನಿಂದ ಆಚೆ
9 ನವೆಂಬರ್ 1986

ಮಗಳೇ ಗೊಸೆಗೊ,

ನಾನೂ ಮ್ಮಾಪೆಲೊನೂ ಉಸಿರಾಡಿಕೊಂಡಿದ್ದೇವೆ. ನನ್ನ ಹೆಂಡತಿಯ ಮಂಡಿನೋವು ನನ್ನ ಹೆಂಡತಿಗಿಂತ ಗಟ್ಟಿಯಾಗಿದೆ, ಅದೊಂದು ಬಿಟ್ಟರೆ ದೂರುವಂಥದ್ದೇನೂ ಇಲ್ಲ. ಅಷ್ಟು ದೂರದ ಫ್ರಾನ್ಸಿಸ್‌ಟೌನಿನಲ್ಲಿ ನೀನು ಹೇಗಿದ್ದೀ ಎಂದು ನಿನ್ನ ಕೈಬರಹದಲ್ಲೇ ತಿಳಿಯುವ ಆಸೆ.

ಸುದ್ದಿ ಏನೆಂದರೆ, ಥಮಗಾನಾ ಕರು ಹಾಕಿದ್ದಾಳೆ. ಚೊಚ್ಚಲು. ಹೆಣ್ಣುಗರು, ತಾಯಿಯ ಹಾಗೇ ಕೆಂಪು ಮೈ, ಬಿಳಿ ಮುಖ. ನಿನ್ನ ಅಪ್ಪ ಬದುಕಿದ್ದಾಗ ನಾವಿಬ್ಬರೂ ದನ ಹೊಡೆದುಕೊಂಡು ಸರ್ಕಾರದವರ ಶಿಬಿರಕ್ಕೆ ಹೋಗಿ ಸಿಮ್ಮೆಂಟಾಲ್ ಹೋರಿಯ ಬೀಜ ಕೊಡಿಸಿಕೊಂಡು ಬಂದಿದ್ದೆವಲ್ಲ, ಅದರಲ್ಲಿ ಹುಟ್ಟಿದವಳು ಈ ಥಮಗಾನಾ. ನಮ್ಮ ನಾಡಹಸುವಿಗೂ ಆ ದಪ್ಪ ಹೋರಿಗೂ ಹುಟ್ಟಿದ್ದು ಮಾಂಸಕ್ಕೆ ಚೆನ್ನಾಗಿ ತೂಗುತ್ತದೆ ಎಂದು ಅಲ್ಲಿ ಹೇಳಿದ್ದರು. ಕೆಚ್ಚಲಿನ ವಿಷಯ ಯಾರೂ ಬಾಯಿಬಿಟ್ಟಿರಲಿಲ್ಲ. ಈಗ ನೋಡಿದರೆ ಅವಳು ಹಿಂಗಾಲು ಅಗಲಿಸಿಕೊಂಡೇ ನಡೆಯಬೇಕು, ಅಷ್ಟು ತುಂಬಿದೆ. ಪಕ್ಕದ ಹಟ್ಟಿಯ ಮೊಥಿಬಿ ಬಂದು ನೋಡಿ, "ಇದೇನ್ ಹಸುನೋ ನೀರಿನ್ ಟ್ಯಾಂಕೋ?" ಅಂದ. ಅವನ ಹಸುವೂ ಅದೇ ಶಿಬಿರದ ಬೀಜದ್ದು, ಅದೇ ವಾರ ಈದಿದೆ. ಆದರೂ ಹೊಟ್ಟೆಕಿಚ್ಚು.

ಮಫಿಸಾ ಎಂದು ನಿನ್ನ ಅಪ್ಪ ತನ್ನ ದನಗಳನ್ನು ನನ್ನ ಕೈಗೆ ಒಪ್ಪಿಸಿದಾಗ ಆಡಿದ ಮಾತು ಇಷ್ಟೇ: ದನ ಅವನದು, ಮೇಯಿಸುವುದು ನನ್ನದು, ಹಾಲು ನಮ್ಮ ಮನೆಯದು. ಈಗ ಅವನಿಲ್ಲ, ದನ ನಿನ್ನದು. ಹಾಲಿನ ಮಾತು ಹಾಗೇ ಇರಲೋ, ಬದಲಾಗಲೋ, ನೀನು ಹೇಳಬೇಕು.

ನೋಡಲು ಬರುವ ಆತುರವನ್ನು ಮಾತ್ರ ಮಾಡಬೇಡ. ಮಳೆ ಬಿದ್ದು ಮರಳು ದಾರಿ ಕೆಟ್ಟುಹೋಗಿದೆ.

ಇತಿ,
ಕೆರೆಂಗ್

ಫ್ರಾನ್ಸಿಸ್‌ಟೌನ್
30 ನವೆಂಬರ್ 1986

ಹಿರಿಯರಾದ ಕೆರೆಂಗ್ ಅವರಿಗೆ,

ನಿಮ್ಮ ಕಾಗದ ಓದಿ ವಾರ್ಡಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಹೆರಿಗೆಗೆ ಬಂದಿದ್ದ ಹೆಂಗಸೊಬ್ಬಳು "ಯಾರಿಗ್ ಮಗುವಾಯ್ತು, ಸಿಸ್ಟರ್?" ಅಂದಳು. "ನಮ್ಮನೆ ಥಮಗಾನಾಗೆ" ಅಂದೆ. ಯಾವ ಹಾಸಿಗೆ ಎಂದು ಕೇಳಿದಳು!

ಹಾಲಿನ ಮಾತು ಅಪ್ಪ ಆಡಿದ ಹಾಗೇ ಇರಲಿ. ಅದನ್ನು ಕೇಳಿದ್ದೇ ನೀವು ನನ್ನನ್ನು ಹೊರಗಿನವಳ ಹಾಗೆ ಕಂಡಂತಾಯಿತು. ಒಂದೇ ಬೇಡಿಕೆ. ಎರಡು ಮೊಲೆ ಕರುವಿಗೆ ಬಿಡಿ, ಎರಡನ್ನು ನೀವು ಕರೆದುಕೊಳ್ಳಿ. ಕರು ಚೆನ್ನಾಗಿ ಮೈ ತುಂಬಿಕೊಳ್ಳಲಿ. ದೊಡ್ಡಪ್ಪನ ಮಗ ಬಾಶಿ ಹೋದಲ್ಲಿ ಬಂದಲ್ಲಿ ಒಂದೇ ರಾಗ ಹಾಡುತ್ತಾನೆ. "ನನ್ ಫಾರ್ಮಿಗೆ ಬೇಲಿ ಇದೆ, ನಲ್ಲಿ ಇದೆ. ಆ ಮುದುಕನ್ ಹತ್ರ ಬಿಟ್ಟು ಕಣ್ ಮುಚ್ಕೊಂಡ್ ಕೂತಿದೀಯಲ್ಲ" ಅನ್ನುತ್ತಾನೆ. ಅಪ್ಪ ನಂಬಿದವರನ್ನು ನಾನೂ ನಂಬುತ್ತೇನೆ ಎಂದು ಅವನ ಬಾಯಿ ಮುಚ್ಚಿಸಿದ್ದೇನೆ.

ಇನ್ನೊಂದು. ಮಳೆ ಬಿದ್ದರೆ ಮರಳು ಗಟ್ಟಿಯಾಗಿ ಲಾರಿಗೆ ಸಲೀಸಾಗುತ್ತದೆ. ಅಷ್ಟು ನನಗೂ ಗೊತ್ತು. ಕ್ರಿಸ್‌ಮಸ್ಸಿಗೆ ಬರುತ್ತೇನೆ. ಮ್ಮಾಪೆಲೊಗೆ ತಿನ್ನಲು ಇಷ್ಟವೆಂದು ಒಣಗಿಸಿದ ಫಾನೆ ಹುಳುಗಳನ್ನು ಒಂದು ಚೀಲ ಕಳಿಸಿದ್ದೇನೆ.

ನಿಮ್ಮ
ಗೊಸೆಗೊ

ಮೊತ್ಲೊಪಿ ಹಟ್ಟಿ
14 ಡಿಸೆಂಬರ್ 1986

ಮಗಳೇ,

ಹುಳುಗಳು ಬಂದವು. ಮ್ಮಾಪೆಲೊ ಟೊಮೆಟೊ ಹಾಕಿ ಬೇಯಿಸಿ, ಬಾಣಲೆಯನ್ನು ತನ್ನ ಕಡೆಗೇ ಇಟ್ಟುಕೊಂಡು ಕೂತಳು. ನನಗೆ ಸಿಕ್ಕಿದ್ದು ಸಾರು.

ಹಾಲು ದಿನದಿನಕ್ಕೂ ಏರುತ್ತಿದೆ. ಗಿಣ್ಣು ಮುಗಿದ ಮೇಲೆ ಒಂದು ಗಿಂಡಿಯಷ್ಟು ಸಿಗುತ್ತಿತ್ತು. ಈಗ ನೀನು ಹೇಳಿದ ಎರಡೇ ಮೊಲೆಯಲ್ಲಿ ಗಿಂಡಿ ತುಂಬಿ ಇನ್ನೊಂದು ಪಾತ್ರೆಗೆ ಕೈ ಚಾಚಬೇಕು. ಕರು ತನ್ನ ಪಾಲನ್ನು ಮುಗಿಸಲಾರದೆ ಮೂತಿಗೆಲ್ಲ ನೊರೆ ಮೆತ್ತಿಕೊಂಡು ನಿಲ್ಲುತ್ತದೆ. ನಮ್ಮ ಪಾಲಿನಲ್ಲಿ ಕುಡಿದು ಉಳಿದದ್ದನ್ನು ಮ್ಮಾಪೆಲೊ ಚರ್ಮದ ಚೀಲದಲ್ಲಿ ಹುಳಿಗಿಟ್ಟು ಮದಿಲಾ ಮಾಡುತ್ತಾಳೆ. ಜೋಳದ ಗಂಜಿಯ ಮೇಲೆ ಆ ಗಟ್ಟಿ ಮೊಸರು ಬಿದ್ದರೆ ನಾನು ಯಾರ ಜೊತೆಯೂ ಮಾತಾಡುವುದಿಲ್ಲ. ನಿನ್ನ ಅಪ್ಪ ಇದನ್ನು ನೋಡದೆ ಹೋದನಲ್ಲ ಎಂದು ಸಂಕಟವಾಗುತ್ತದೆ.

ಕ್ರಿಸ್‌ಮಸ್ಸಿಗೆ ಬೇಡ ಮಗಳೇ. ಕೊಳವೆಬಾವಿಯ ಎಂಜಿನ್ ಕೆಟ್ಟಿದೆ. ಸಿಂಹದ ಹೆಜ್ಜೆ ಕಂಡಿದೆ ಎಂದು ಜನ ಹೇಳುತ್ತಿದ್ದಾರೆ. ಅತಿಥಿಗಳ ಗುಡಿಸಲಿನ ಸೂರು ಸೋರುತ್ತದೆ. ಮ್ಮಾಪೆಲೊಳ ಮಂಡಿ ನಿನಗೆ ಗೊತ್ತೇ ಇದೆ. ಜುಲೈ ಹೊತ್ತಿಗೆ, ಚಳಿಗಾಲದಲ್ಲಿ, ಕರುವಿಗೆ ಹಾಲು ಬಿಡಿಸಿದ ಮೇಲೆ, ನಿಧಾನವಾಗಿ ಬಾ. ಆಗ ಆಡು ಕಡಿಯೋಣ.

ಇತಿ,
ಕೆರೆಂಗ್

ಫ್ರಾನ್ಸಿಸ್‌ಟೌನ್
11 ಜನವರಿ 1987

ಕೆರೆಂಗ್ ಅವರಿಗೆ,

ಹೊಸ ವರ್ಷದ ವಾರ ಹೇಳದೆ ಕೇಳದೆ ಬಂದಿಳಿದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ದಿಢೀರನೆ ರಜೆ ಸಿಕ್ಕಿತು, ದನಗಳಿಗೆ ಲಸಿಕೆ ಹಾಕುವವರ ಲಾರಿ ನಿಮ್ಮ ಕಡೆ ಹೊರಟಿತ್ತು, ಹತ್ತಿಬಿಟ್ಟೆ. ಅಷ್ಟೆ, ಬೇರೆ ಕಾರಣವೇನೂ ಇರಲಿಲ್ಲ.

ಆದರೆ ಅವತ್ತಿನಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ನಾನು ಇಳಿದಾಗ ನೀವು ದೊಡ್ಡಿಯ ಬಾಯಲ್ಲಿ ನಿಂತಿದ್ದಿರಿ. "ಬಾ ಮಗಳೇ, ಟೀ ಕುಡಿ" ಅಂದಿರಿ. ಕುಡಿದೆ. "ಇನ್ನೊಂದ್ ಲೋಟ" ಅಂದಿರಿ. ಅದನ್ನೂ ಕುಡಿದೆ. ಮತ್ತೊಂದು ಬಂದಾಗ "ನಾನ್ ಟೀ ಕುಡಿಯೋಕ್ ಬಂದಿಲ್ಲ ರ್ರಾ ಕೆರೆಂಗ್, ಹಸು ನೋಡೋಕ್ ಬಂದಿದೀನಿ" ಅಂದೆ. ನೀವು ಜಾಗ ಬಿಟ್ಟು ಕದಲಲಿಲ್ಲ. "ಇಲ್ಲಿಂದಾನೂ ಕಾಣ್ಸುತ್ತಲ್ಲ" ಅಂದಿರಿ. ಆಮೇಲೆ "ಬಿಸ್ಲು ಜಾಸ್ತಿ" ಅಂದಿರಿ. ಮೋಡ ಕವಿದಿತ್ತು!

ಕೊನೆಗೆ ನಾನೇ ಮುಳ್ಳಿನ ಕೊಂಬೆ ಸರಿಸಿ ಒಳಗೆ ನಡೆದೆ. ಥಮಗಾನಾಳ ಕೊರಳಿಗೆ ಕೈ ಹಾಕಿ ನಿಂತೆ. ಕರು ಅವಳ ಮೊಲೆಗೆ ಬಾಯಿ ಹಾಕಿ ಕುಡಿಯುವುದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಷ್ಟು ಸಮಾಧಾನ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ. ಹೊರಗೆ ಬಂದು ಲಾರಿ ಹತ್ತಿದೆ. ಲಾರಿ ತಿರುಗುವಾಗ ಹಿಂದೆ ನೋಡಿದೆ. ಮ್ಮಾಪೆಲೊ ನಾನು ನಡೆದ ಜಾಗಕ್ಕೆಲ್ಲ ಏನೋ ಚಿಮುಕಿಸಿ ಸೊಪ್ಪಿನ ಕೊಂಬೆಯಿಂದ ಗುಡಿಸುತ್ತಿದ್ದರು.

ಏನನ್ನು ಗುಡಿಸುತ್ತಿದ್ದರು ಎಂದು ಕೇಳಬಹುದೇ?

ಗೊಸೆಗೊ

ಮೊತ್ಲೊಪಿ ಹಟ್ಟಿ
15 ಫೆಬ್ರವರಿ 1987

ಮಗಳೇ,

ಸಗಣಿ ಗುಡಿಸುತ್ತಿದ್ದಳು.

ಕರು ಚೆನ್ನಾಗಿದೆ. ಹುಲ್ಲು ಮೊಣಕಾಲು ಮುಟ್ಟುತ್ತಿದೆ. ಥಮಗಾನಾಳ ಹಾಲು ಮಾತ್ರ ಇಳಿಯುತ್ತಿದೆ. ಎರಡನೇ ಪಾತ್ರೆ ಬೇಕಾಗುತ್ತಿಲ್ಲ. ಗಿಂಡಿಯೂ ಬಾಯಿವರೆಗೆ ಬರುತ್ತಿಲ್ಲ. ದನ ನಿನ್ನದಾದ್ದರಿಂದ ತಿಳಿಸಬೇಕು, ತಿಳಿಸಿದ್ದೇನೆ.

ಇತಿ,
ಕೆರೆಂಗ್

ಫ್ರಾನ್ಸಿಸ್‌ಟೌನ್
8 ಮಾರ್ಚ್ 1987

ಕೆರೆಂಗ್ ಅವರಿಗೆ,

ನಿಮ್ಮ ಕಾಗದ ಅಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ಹಿಂದೆಲ್ಲ ಒಂದು ಆಡು ಕೆಮ್ಮಿದರೂ ಒಂದು ಪುಟ ಬರೆಯುತ್ತಿದ್ದಿರಿ.

ಬಾಶಿಗೆ ತೋರಿಸಬಾರದಿತ್ತು, ತೋರಿಸಿದೆ. "ಹುಲ್ಲು ಇಷ್ಟುದ್ದ ನಿಂತಿರೋವಾಗ ಹಾಲು ಯಾಕ್ ಇಳಿಯುತ್ತೆ ಹೇಳು? ಇಳಿಯೋದು ಹಸುವಿಂದಲ್ಲ, ಕೊಡದಿಂದ. ರಸ್ತೆ ಕೆಲ್ಸದವ್ರಿಗೆ ಮದಿಲಾ ಅಂದ್ರೆ ಪ್ರಾಣ" ಅಂದ. ನಾನು ಅವನ ಮಾತನ್ನು ತಳ್ಳಿಹಾಕಬೇಕೆಂದೇ ಕೂತೆ. ಆದರೆ ತಳ್ಳಿಹಾಕಲು ನನ್ನ ಕೈಯಲ್ಲಿ ಏನಿದೆ? ಬರಬೇಡ ಬರಬೇಡ ಎಂದಿರಿ. ಬಂದರೆ ದೊಡ್ಡಿಯ ಬಾಯಿಗೆ ಅಡ್ಡ ನಿಂತಿರಿ. ನಾನು ಕಣ್ಣಾರೆ ಕಂಡ ಹಾಲು ಒಂದೇ ತಿಂಗಳಿಗೆ ಮಾಯವಾಯಿತು. ನಾನು ಕೇಳಿದ್ದಕ್ಕೆ ಸಗಣಿ ಎಂದಿರಿ.

ಕರುವಿನ ಪಾಲನ್ನೂ ಕರೆಯುತ್ತಿದ್ದೀರಾ? ಯಾರಿಗಾದರೂ ಮಾರುತ್ತಿದ್ದೀರಾ? ಕಷ್ಟವಿದ್ದರೆ ಹೇಳಿ, ನಾನು ಕೋಪಿಸಿಕೊಳ್ಳುವುದಿಲ್ಲ. ಸುಮ್ಮನಿದ್ದರೆ ಮಾತ್ರ ನನಗೆ ಬೇರೆ ದಾರಿಯಿಲ್ಲ. ಏಪ್ರಿಲ್ ಕೊನೆಗೆ ಬಾಶಿಯ ಲಾರಿ ಆ ಕಡೆ ಬರುತ್ತದೆ. ದನಗಳನ್ನೆಲ್ಲ ಅವನ ಫಾರ್ಮಿಗೆ ಸಾಗಿಸುವುದೆಂದು ಮಾತಾಗಿದೆ.



ಗೊಸೆಗೊ

ಮೊತ್ಲೊಪಿ ಹಟ್ಟಿ
29 ಮಾರ್ಚ್ 1987

ಗೊಸೆಗೊ,

ಕಳ್ಳ ಎಂಬ ಪದವನ್ನು ನೀನು ಬರೆದಿಲ್ಲ. ಅದು ಕೂರಲು ಜಾಗ ಬಿಟ್ಟು ಬರೆದಿದ್ದೀಯ.

ನಿನ್ನ ಅಪ್ಪನ ದನ ಸತ್ತಾಗೆಲ್ಲ ಅದರ ಚರ್ಮವನ್ನು ಅವನ ಮುಂದೆ ಹಾಸಿ ತೋರಿಸಿದ್ದೇನೆ. ಸಿಂಹ ತಿಂದದ್ದರ ಬಾಲವನ್ನಾದರೂ ಹೊತ್ತು ಹೋಗಿ ತೋರಿಸಿದ್ದೇನೆ. ಅವನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ. "ನೀನ್ ಹೇಳಿದ್ಮೇಲೆ ಮುಗೀತು ಬಿಡು, ಈ ನಾರೋದನ್ನ ಯಾಕ್ ತಂದೆ?" ಅನ್ನುತ್ತಿದ್ದ. ಆದರೂ ತೆಗೆದುಕೊಂಡು ಹೋಗುತ್ತಿದ್ದೆ. ಇನ್ನೊಬ್ಬರ ದನ ಇಟ್ಟುಕೊಂಡವನು ಹಾಗೇ ಮಾಡಬೇಕು.

ಕರುವಿನ ಪಾಲನ್ನು ನಾನು ಮುಟ್ಟಿಲ್ಲ. ಒಂದು ಹನಿ ಮಾರಿಲ್ಲ. ಹಾಲು ಯಾಕೆ ಇಳಿಯಿತು ಎಂಬುದು ನನಗೆ ಗೊತ್ತು. ನನ್ನ ಗೆಳೆಯನ ಮಗಳ ಮುಂದೆ ಅದನ್ನು ಹೇಳುವ ಬಾಯಿ ನನಗಿಲ್ಲ.

ಲಾರಿ ಬರಲಿ. ದನಗಳು ಮೇಯ್ದು ನೀರು ಕುಡಿದು ತಯಾರಾಗಿ ನಿಂತಿರುತ್ತವೆ. ಕಳಿಸಿಕೊಡುವಾಗ ನನ್ನ ಕಡೆಯಿಂದ ಒಂದು ಮಾತೂ ಬರುವುದಿಲ್ಲ.

ಕೆರೆಂಗ್

(ಅದೇ ಲಕೋಟೆಯೊಳಗೆ, ಸಕ್ಕರೆ ಪೊಟ್ಟಣದ ಹಾಳೆಯ ಮೇಲೆ)

ಗೊಸೆಗೊ, ಇದನ್ನ ಅವನಿಗ್ ಗೊತ್ತಿಲ್ದಂಗೆ ತುರುಕ್ತಾ ಇದೀನಿ. ನಂಗೆ ಅವನ್ ಥರ ಸುತ್ತಿ ಬಳಸಿ ಬರೆಯೋಕ್ ಬರಲ್ಲ.

ನಿನ್ ಕಾಲು ಬಿಸಿ ಕಣೇ. ನೀನು ಹೆರಿಗೆ ಮಾಡ್ಸೋಳು. ದಿನಾ ರಕ್ತದಲ್ಲಿ ಕೈ ಕಾಲು. ಹಂಗಿರೋರು ದನದ್ ನಡುವೆ ಓಡಾಡಿದ್ರೆ ಹಾಲು ಬತ್ತುತ್ತೆ, ಗಬ್ಬ ಇಳಿಯುತ್ತೆ. ಇದು ನಿಮ್ಮಜ್ಜಿಗೂ ಗೊತ್ತಿತ್ತು, ನಿಂಗೂ ಗೊತ್ತಿರ್ಬೇಕು. ಅದಕ್ಕೇ ಅವನು ಎಂಜಿನ್ನು ಸಿಂಹ ನನ್ ಮಂಡಿ ಎಲ್ಲಾನೂ ಅಡ್ಡ ತಂದಿದ್ದು. ಎಂಜಿನ್ ಸರಿಯಾಗೇ ಇತ್ತು. ನಾನ್ ಗುಡಿಸ್ತಾ ಇದ್ದಿದ್ದು ನಿನ್ ಹೆಜ್ಜೆ. ಔಷಧಿ ನೀರು ಹಾಕಿ ಗುಡಿಸ್ದೆ, ಏನೂ ಪ್ರಯೋಜ್ನ ಆಗ್ಲಿಲ್ಲ. ನೀನು ಹೋದ್ಮೇಲೇ ಹಾಲು ಇಳಿದಿದ್ದು.

"ಹೇಳ್ಬಿಡಯ್ಯಾ ಅವಳ್ಗೆ" ಅಂದೆ. "ಅವಳಪ್ಪನ್ ದನ, ಅವಳ ಕಾಲನ್ನ ನಾನ್ ಹೆಂಗೆ ಬೈಲಿ? ಕಳ್ಳ ಅಂದ್ಕೊಂಡ್ರೂ ಪರ್ವಾಗಿಲ್ಲ" ಅಂದ. ಊಟ ಸರಿಯಾಗ್ ಮಾಡ್ತಿಲ್ಲ. ಹಾಲು ಹೋದ್ರೆ ನಮ್ ಗಂಜಿಗೆ ನೀರೇ ಗತಿ, ಅದು ನಡೆಯುತ್ತೆ ಬಿಡು. ದನ ಹೋದ್ರೆ ಈ ಮುದುಕ ಉಳಿಯಲ್ಲ.

ಹುಳ ರುಚಿಯಾಗಿತ್ತು.

ಮ್ಮಾಪೆಲೊ

ಫ್ರಾನ್ಸಿಸ್‌ಟೌನ್
24 ಏಪ್ರಿಲ್ 1987

ಹಿರಿಯರಾದ ಕೆರೆಂಗ್ ಅವರಿಗೆ,

ಈ ಕಾಗದ ನಿಮ್ಮ ಕೈ ಸೇರಿದ್ದರೆ ಬಾಶಿಯ ಲಾರಿ ನಿಮ್ಮ ದೊಡ್ಡಿಯ ಮುಂದೆ ನಿಂತಿದೆ. ದಯವಿಟ್ಟು ಒಂದು ದನವನ್ನೂ ಹತ್ತಿಸಬೇಡಿ. ಅದರಲ್ಲಿರುವುದು ದನಗಳಿಗೆ ಉಪ್ಪು, ಮೂಳೆಹಿಟ್ಟು, ಮ್ಮಾಪೆಲೊಗೆ ಫಾನೆ ಹುಳು. ಇಳಿಸಿಕೊಂಡು ಖಾಲಿ ಲಾರಿಯನ್ನು ಹಿಂದಕ್ಕೆ ಕಳಿಸಿ. ಇದನ್ನು ಮೊದಲು ಕೊಡು, ಆಮೇಲೆ ಬಾಯಿ ತೆಗೆ ಎಂದು ಚಾಲಕನಿಗೆ ಎರಡೆರಡು ಸಲ ಹೇಳಿದ್ದೇನೆ.

ಮ್ಮಾಪೆಲೊ ಅವರ ಚೀಟಿ ಓದಿ ಮೈ ಉರಿದುಹೋಯಿತು. ಇಷ್ಟು ಓದಿ ಈ ಕೆಲಸ ಮಾಡುತ್ತಿರುವ ನನಗೆ ಬಿಸಿ ಕಾಲು ಅನ್ನುತ್ತಾರಲ್ಲ ಎಂದು ಕೋಪ. ಅದೇ ಕೋಪದಲ್ಲಿ ಪಶು ಇಲಾಖೆಯ ಕಚೇರಿಗೆ ಹೋದೆ. ನಿಜ ಹೇಳುತ್ತೇನೆ, ನೀವೇ ಹಾಲು ಕದ್ದಿರಿ ಎಂದು ಅಲ್ಲಿನವರ ಬಾಯಿಂದ ಕೇಳಿಸಿಕೊಳ್ಳಲೆಂದೇ ಹೋಗಿದ್ದೆ.

ಅಧಿಕಾರಿ ಟೀ ಕುಡಿಯುತ್ತಿದ್ದರು. "ಯಾವಾಗ್ ಈದಿದ್ದು?" ಅಂದರು. ನವೆಂಬರ್ ಮೊದಲಲ್ಲಿ ಅಂದೆ. "ಇಳಿಯೋಕ್ ಶುರುವಾಗಿದ್ದು?" ಜನವರಿ ಕಳೆಯುವ ಹೊತ್ತಿಗೆ ಅಂದೆ. ಅವರು ನಕ್ಕರು. "ಮತ್ತಿನ್ನೇನ್ ಮ್ಮಾ, ವರ್ಷವಿಡೀ ಏರ್ತಾನೇ ಇರ್ಬೇಕಿತ್ತಾ?" ಮೇಜಿನ ಮೇಲೆ ಚೆಲ್ಲಿದ್ದ ಟೀಯಲ್ಲಿ ಬೆರಳದ್ದಿ ಗುಡ್ಡದ ಹಾಗೆ ಒಂದು ಗೆರೆ ಎಳೆದರು. ಕರು ಹಾಕಿದ ಮೇಲೆ ಎರಡನೇ ತಿಂಗಳವರೆಗೆ ಹಾಲು ಏರುತ್ತದಂತೆ, ಅಲ್ಲಿಂದ ಕರು ಬಿಡಿಸುವವರೆಗೂ ಇಳಿಜಾರಂತೆ. "ಹುಲ್ಲಿದ್ರೂ ಇಷ್ಟೇ. ಮೇಲಾಗಿ ಕರು ದೊಡ್ಡದಾಗ್ತಾ ಅದರ ಬಾಯೂ ದೊಡ್ಡದಾಗುತ್ತೆ, ಕರೆಯೋರಿಗೆ ಏನ್ ಉಳಿಯುತ್ತೆ? ನಿಮ್ ನಾಡಹಸು ಕೊಡೋದೇ ಚೂರು, ಅದು ಇಳಿದ್ರೆ ಕಾಣಲ್ಲ. ಈ ಮಿಶ್ರತಳಿದು ಜಾಸ್ತಿ, ಅದಕ್ಕೇ ಕಣ್ಣಿಗ್ ಹೊಡೆಯುತ್ತೆ."

ನಾನು ಕೇಳಿದೆ. "ಯಾರಾದ್ರೂ ದೊಡ್ಡಿ ಒಳಗೆ ಹೋಗಿದ್ರೆ?" ಅವರು ನನ್ನ ಸಮವಸ್ತ್ರ ನೋಡಿದರು. ಅವರೂ ನಮ್ಮವರೇ, ಅರ್ಥವಾಯಿತು. "ನೀವು ಹೋದ ದಿನ ಅದು ತುದೀಲಿತ್ತು ಮ್ಮಾ. ಯಾರ್ ಹೋಗಿದ್ರೂ ಇಳೀತಿತ್ತು" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಯಾಕೆ ಅತ್ತೆ ಎಂದು ಈಗ ಹೇಳಬೇಕು. ನಿಮ್ಮಲ್ಲಿಗೆ ಬರುವ ಹಿಂದಿನ ದಿನ ಒಬ್ಬ ತಾಯಿ ನನ್ನ ಕೈಯಲ್ಲೇ ಹೋದಳು. ಯಾರ ತಪ್ಪೂ ಇರಲಿಲ್ಲ, ರಕ್ತ ನಿಲ್ಲಲಿಲ್ಲ. ಕೂಸು ಉಳಿಯಿತು. ಅದು ಹಾಲಿಗೆ ಬಾಯಿ ತೆರೆಯುತ್ತಿತ್ತು. ಮಗುವಿಗೆ ಮೊಲೆ ಕೊಡುವ ಒಂದು ತಾಯಿಯನ್ನು ನೋಡದೆ ನನಗೆ ಉಸಿರಾಡಲು ಆಗುತ್ತಿರಲಿಲ್ಲ. ಅದಕ್ಕೇ ಲಾರಿ ಹತ್ತಿದೆ. ಸಾವಿನ ಮನೆಯಿಂದ ನೇರವಾಗಿ ದನದ ಬಳಿ ಹೋಗಬಾರದು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ತಳ್ಳಿಕೊಂಡು ಒಳಗೆ ಹೋದೆ. ಮ್ಮಾಪೆಲೊ ಏನು ಗುಡಿಸುತ್ತಿದ್ದಾರೆ ಎಂಬುದೂ ಗೊತ್ತಿತ್ತು.

ಹಾಲು ಇಳಿಯಿತು ಎಂದು ನೀವು ಬರೆದಾಗ ನನ್ನ ಜೀವ ಹಾರಿಹೋಯಿತು. ನೀವು ಕಳ್ಳರಲ್ಲದಿದ್ದರೆ ತಪ್ಪು ನನ್ನ ಕಾಲಿನದಾಗಬೇಕಿತ್ತು. ಅದನ್ನು ಹೊರಲಾರದೆ ನಿಮ್ಮ ತಲೆಯ ಮೇಲೆ ಹೊರಿಸಿದೆ. ಅಪ್ಪನ ಗೆಳೆಯನನ್ನು ಹಾಗೆ ಅನುಮಾನಿಸಿದೆನಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ. ಕ್ಷಮಿಸಿ.

ನಿಮ್ಮ
ಗೊಸೆಗೊ

ಮೊತ್ಲೊಪಿ ಹಟ್ಟಿ
3 ಮೇ 1987

ಮಗಳೇ,

ನಿನ್ನ ಚಾಲಕನಿಗೆ ಎರಡಲ್ಲ, ಹತ್ತು ಸಲ ಹೇಳಬೇಕಿತ್ತು. ಅವನು ಬಂದವನೇ ಟೀ ಕುಡಿದ. ಗಂಜಿ ಉಂಡ. ನಾನು ಮಾತಾಡದೆ ದನ ಹತ್ತಿಸತೊಡಗಿದೆ. ಮೊದಲು ಹಳೆಯ ಕಪ್ಪು ಹಸು ಹತ್ತಿತು, ಆಮೇಲೆ ಎತ್ತು. ಥಮಗಾನಾಳ ಕರುವನ್ನು ನಾನೇ ಹಿಂದಿನಿಂದ ತಳ್ಳಿ ಮೇಲೆ ಹತ್ತಿಸಿದೆ. ತಾಯಿ ಕೆಳಗಿನಿಂದ ಕೂಗುತ್ತಿದ್ದಳು. ನನ್ನ ಕಣ್ಣು ಮಂಜಾಗಿ ಹಗ್ಗದ ತುದಿ ಯಾವುದು, ಅವಳ ಬಾಲ ಯಾವುದು ತಿಳಿಯುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮಹಾಶಯ ಸಿಗರೇಟು ಹುಡುಕಲು ಜೇಬಿಗೆ ಕೈ ಹಾಕಿದ. "ಅಯ್ಯೋ, ನಿಮ್ಗೊಂದ್ ಕಾಗದ ಇತ್ತು ರ್ರಾ" ಅಂದ.

ಲಾರಿಯ ನೆರಳಲ್ಲಿ ಕೂತು ಓದಿದೆ. ಮ್ಮಾಪೆಲೊ "ಏನಂತೆ? ಏನಂತೆ?" ಎಂದು ನನ್ನ ಭುಜ ಅಲ್ಲಾಡಿಸುತ್ತಿದ್ದಳು.  "ಇಳ್ಸು" ಅಂದೆ. "ಏನನ್ನ?" ಅಂದಳು. "ಎಲ್ಲಾನೂ" ಅಂದೆ. ಆಮೇಲೆ ಆ ಚಾಲಕನನ್ನು ಅವಳು ಬೈದದ್ದನ್ನು ನಾನು ಬರೆಯುವುದಿಲ್ಲ. ಅವನು ಹುಳುವಿನ ಚೀಲ ಕೊಟ್ಟ ಮೇಲೆ ಸ್ವಲ್ಪ ತಣ್ಣಗಾದಳು.

ಆ ತಾಯಿಯ ವಿಷಯ ಓದಿ ನಮ್ಮಿಬ್ಬರಿಗೂ ಬಹಳ ದುಃಖವಾಯಿತು. ಅವತ್ತು ನಿನ್ನ ಮುಖ ನೋಡಿಯಾದರೂ ನಾನು ತಿಳಿಯಬೇಕಿತ್ತು. ನಿನ್ನ ಕಾಲನ್ನೇ ನೋಡುತ್ತಾ ನಿಂತಿದ್ದವನು ಮುಖ ನೋಡಲೇ ಇಲ್ಲ. ಕ್ಷಮೆ ನೀನೊಬ್ಬಳೇ ಕೇಳಬೇಕಾದದ್ದಲ್ಲ.

ನಿನ್ನ ಅಧಿಕಾರಿಯ ಗುಡ್ಡದ ಬಗ್ಗೆ ಯೋಚಿಸಿದೆ. ನಮ್ಮ ಸುತ್ತ ಗುಡ್ಡವೇ ಇಲ್ಲವಾದ್ದರಿಂದ ನಿಧಾನವಾಗಿ ಯೋಚಿಸಬೇಕಾಯಿತು. ಆಮೇಲೆ ಮೊಥಿಬಿಯ ಹಟ್ಟಿಗೆ ನಡೆದು ಹೋದೆ. ಅವನ ಹಸುವಿನ ದೊಡ್ಡಿಗೆ ನೀನು ಕಾಲಿಟ್ಟಿಲ್ಲ. ಆ ಹಸುವಿನ ಹಾಲೂ ಜನವರಿಯಿಂದಲೇ ಇಳಿದಿದೆ! ಹಾಗಾದರೆ ಅಧಿಕಾರಿಯ ಮಾತು ಸರಿ, ಒಪ್ಪಿದೆ. ಮೊಥಿಬಿ ಮಾತ್ರ ಒಪ್ಪಲಿಲ್ಲ. "ಅವಳ ಲಾರಿ ನನ್ ದೊಡ್ಡಿ ಪಕ್ಕದಲ್ಲೇ ಹಾದು ಹೋಯ್ತಲ್ಲ" ಅಂದ. "ಟೈರಿಗೂ ಕಾಲಿನ್ ಬಿಸಿ ಹತ್ತುತ್ತೇನಯ್ಯಾ?" ಅಂದೆ. ಗಡ್ಡ ಕೆರೆದುಕೊಂಡು ಯೋಚಿಸಿ, "ಹತ್ತುತ್ತೆ" ಅಂದ. ಸುತ್ತಲ ಹಟ್ಟಿಯವರೆಲ್ಲ ಹಾಗೇ ಹೇಳುತ್ತಿದ್ದಾರೆ. ಬಾವಿಕಟ್ಟೆಯಲ್ಲಿ ಬೇರೆ ಮಾತೇ ಇಲ್ಲ.

ಇತಿ,
ಕೆರೆಂಗ್

ಫ್ರಾನ್ಸಿಸ್‌ಟೌನ್
12 ಜುಲೈ 1987

ಕೆರೆಂಗ್ ಅವರಿಗೆ,

ಕರುವನ್ನು ತಾಯಿಯಿಂದ ಬಿಡಿಸಿದಿರಿ, ಅದು ಬಾಶಿಯ ಫಾರ್ಮಿನ ಕರುಗಳಿಗಿಂತ ಒಂದು ಕೈ ಮೇಲಿದೆ ಎಂದು ಲಸಿಕೆಯವರು ಹೇಳಿದರು. ಬಾಶಿಗೆ ಅದನ್ನು ನಾನೇ ತಿಳಿಸಿ ಬಂದೆ. ಬಹಳ ಹಿತವಾಯಿತು.

ನಿಮ್ಮ ಕಾಗದವನ್ನು ಎಷ್ಟೋ ಸಲ ಓದಿದೆ. ಚಳಿಗಾಲದಲ್ಲಿ ಬಾ, ಆಡು ಕಡಿಯೋಣ ಎಂದು ಹಿಂದೆ ಬರೆದಿದ್ದಿರಿ. ಈಗ ಚಳಿಗಾಲ. ಬಾ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಯಾಕೆಂದು ಅರ್ಥವಾಗುತ್ತದೆ. ಬಾವಿಕಟ್ಟೆಯ ಜನರ ನಡುವೆ ಬದುಕಬೇಕಾದವರು ನೀವು, ನಾನಲ್ಲ. ದನಗಳು ನಿಮ್ಮ ಹತ್ತಿರ ಇದ್ದರೆ ಸಾಕು. ದೂರದಿಂದಲೇ ಕೇಳಿ ಸಂತೋಷಪಡುತ್ತೇನೆ.

ಇಷ್ಟು ಬರೆದ ಮೇಲೂ ಬೇಸರವಾಗುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಗೊಸೆಗೊ

ಮೊತ್ಲೊಪಿ ಹಟ್ಟಿ
15 ನವೆಂಬರ್ 1987

ಮಗಳೇ ಗೊಸೆಗೊ,

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ಮ್ಮಾಪೆಲೊ ದಿನಾ "ಬರಿ, ಬರಿ" ಎಂದು ಚುಚ್ಚುತ್ತಿದ್ದಳು. "ಹಸು ಈಯೋವರ್ಗೂ ಬಾಯ್ ಮುಚ್ಕೊಂಡಿರು" ಎಂದು ಗದರಿಸಿ ಕೂರಿಸಿದ್ದೆ.

ನಿನ್ನೆ ಥಮಗಾನಾ ಈದಳು. ಹೋರಿಗರು. ತಾಯಿ ಕರು ಎರಡೂ ಆರಾಮ. ಇನ್ನೂ ಗಿಣ್ಣು ಬರುತ್ತಿದೆ, ಬರಿಯ ಹಾಲು ಬರಲು ಒಂದೆರಡು ದಿನ ಬೇಕು.

ಈಗ ಸರಿಯಾಗಿ ಕೇಳು. ಈ ಕಾಗದ ಸಿಕ್ಕಿದ ವಾರವೇ ಬಾ. ಹೋದ ಸಲ ನೀನು ಬಂದದ್ದು ಗುಡ್ಡದ ತುದಿಗೆ. ಅಲ್ಲಿಂದ ಇಳಿಯುವುದೊಂದೇ ದಾರಿ ಇತ್ತು. ಈಗ ನಾವು ಬುಡದಲ್ಲಿದ್ದೇವೆ. ಬರುವುದಾದರೆ ಕದ್ದುಮುಚ್ಚಿ ಬರಬೇಡ. ಸಮವಸ್ತ್ರ ಹಾಕಿಕೊಂಡು, ದನ ನೀರಿಗೆ ಬರುವ ಹೊತ್ತಿಗೆ, ಬಾವಿಕಟ್ಟೆಯಲ್ಲಿ ಎಲ್ಲರೂ ಸೇರಿರುವಾಗ ಬಂದು ಇಳಿ. ಮೊಥಿಬಿ ನೋಡಲಿ. ಅವನ ಹೆಂಡತಿ ನೋಡಲಿ. ನಾನು ನಿನ್ನ ಕೈ ಹಿಡಿದು ದೊಡ್ಡಿಯ ನಡುವೆ ನಡೆಸಿಕೊಂಡು ಹೋಗುತ್ತೇನೆ. ಮೆಲ್ಲಗೆ ನಡೆಯೋಣ, ಯಾರ ಕಣ್ಣಿಗೂ ತಪ್ಪಬಾರದು. ಮ್ಮಾಪೆಲೊ ಈ ಸಲ ಏನನ್ನೂ ಗುಡಿಸುವುದಿಲ್ಲ. ನಾನು ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಆಮೇಲೆ ನಾವು ಮಾಡಬೇಕಾದದ್ದು ಏನೂ ಇಲ್ಲ. ಎರಡು ತಿಂಗಳು ಹಾಲು ಏರುತ್ತಲೇ ಹೋಗುತ್ತದೆ. ನಾನು ದಿನಾ ಗಿಂಡಿಯನ್ನು ಬಾವಿಕಟ್ಟೆಯ ಮುಂದೆಯೇ ಹಾಯಿಸಿಕೊಂಡು ಹೋಗುತ್ತೇನೆ. ಯಾರಾದರೂ ಕೇಳಿದರೆ "ಹುಡುಗಿ ಬಂದು ಹೋದ್ಮೇಲೆ ಹಿಂಗೆ ನೋಡಪ್ಪ, ಏನ್ ಕಾಲ್ಗುಣ" ಅನ್ನುತ್ತೇನೆ, ಅಷ್ಟೆ. ಮೊಥಿಬಿಯ ಹಸುವಿಗೆ ದಿನ ತುಂಬಿದೆ. ನನಗೆ ಅವನ ಬುದ್ಧಿ ಗೊತ್ತು. ಹದಿನೈದು ದಿನ ಕಳೆಯುವುದರೊಳಗೆ ಅವನೇ ಟೋಪಿ ಕೈಯಲ್ಲಿ ಹಿಡಿದು ಬಂದು, "ನಮ್ ದೊಡ್ಡಿಗೂ ಒಂದ್ಸಲ ಬಂದ್ ಹೋಗ್ಲಿ ಅನ್ನಿ" ಎಂದು ಬೇಡದಿದ್ದರೆ ನನ್ನ ಹೆಸರು ಬದಲಿಸು.

ಸುಳ್ಳಲ್ಲವೇ ಎಂದು ಕೇಳುತ್ತೀಯ. ನನ್ನನ್ನು ಕೇಳಿದರೆ, ನೀನು ಬಂದಿದ್ದಕ್ಕೆ ಹಾಲು ಇಳಿಯಿತು ಎಂದು ಅವರು ವರ್ಷವಿಡೀ ಹೇಳಿದ್ದು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಹೆರಿಗೆ ವಾರ್ಡಿನಿಂದ ನೇರವಾಗಿ ಹೊರಟು ಬಾ. ಕಾಲು ತಣ್ಣಗಾಗಲಿ ಎಂದು ಕಾಯಬೇಡ.

ಇತಿ,
ನಿನ್ನ ಅಪ್ಪನ ಗೆಳೆಯ
ಕೆರೆಂಗ್